ಆವಾ ಜನರ ಕಪಿಬಾಂಧವ್ಯ

ಆದಿವಾಸಿಗಳಿಗೂ ವನ್ಯಪ್ರಾಣಿಗಳಿಗೂ ಇರುವ ಸಂಬಂಧವನ್ನು ನಾಗರಿಕರಾದ ನಾವು ಸಾಮಾನ್ಯವಾಗಿ ಎರಡೇ ಬಗೆಯಾಗಿ ಎಣಿಸುತ್ತೇವೆ: ಪೂಜಿಸುವವನು ರಕ್ಷಕನು, ಬೇಟೆಯಾಡುವವನು ಭಕ್ಷಕನು. ಬ್ರೆಜಿಲ್ ದೇಶದ ಮರಾನ್ಯಾವೊ ಪ್ರಾಂತದಲ್ಲಿ, ಅಮೆಜಾನ್ ಮಳೆಗಾಡಿನ ಪೂರ್ವದಂಚಿನಲ್ಲಿ ವಾಸಿಸುವ ಆವಾ ಜನರು ಈ ಎಣಿಕೆಗೆ ನಿಲುಕುವವರಲ್ಲ.

ತುಪಿ-ಗುವರಾನಿ ವರ್ಗಕ್ಕೆ ಸೇರಿದ ನುಡಿಯನ್ನಾಡುವ ಇವರು ಕೆಲವೇ ನೂರು ಮಂದಿ. ಕೋತಿಗಳ ಮಾಂಸ ಇವರ ಆಹಾರಗಳಲ್ಲೊಂದು. ಶ್ರೀಮಠದ ಆಶ್ರಯದಲ್ಲಿ ಬೆಳೆದ ನಮ್ಮ ವಾಚಕರಿಗೆ ಇದು ಅಪ್ರಿಯವೆನಿಸೀತು. ಆದರೆ ಅಪ್ರಿಯವೆಂದು ಮರೆಮಾಚುವುದು ಅಧ್ಯಯನಧರ್ಮವಲ್ಲ. ತಾಯಿಕೋತಿ ಬೇಟೆಗೆ ಬಲಿಯಾದಾಗ ಉಳಿದ ಮರಿಯನ್ನು ಇವರು ಮನೆಗೆ ತರುತ್ತಾರೆ. ಹೆಂಗಸರು ಅದಕ್ಕೆ ತಮ್ಮ ಎದೆಹಾಲನ್ನೇ ಊಡುತ್ತಾರೆ. ಹಸುಗೂಸಿನಂತೆ ಮೈಮೇಲೆ ಹೊತ್ತು ತಿರುಗುತ್ತಾರೆ. ಹೀಗೆ ಮನೆ ಸೇರಿದ ಮರಿಯನ್ನು ಮುಂದೆಂದೂ ತಿನ್ನುವುದಿಲ್ಲ. ಕಾಡು ಮೊಳಗುವಂತೆ ಕೂಗುವ ಹೌಲರ್ ಕೋತಿಯನ್ನಂತೂ ತೀರ ಹತ್ತಿರದ ನಂಟನೆಂದೇ ಬಗೆಯುತ್ತಾರೆ. ಇವರನ್ನು ಕುರಿತು ಅಮೆರಿಕದ ಮಾನವಶಾಸ್ತ್ರಜ್ಞೆ ಲೊರೆಟಾ ಕಾರ್ಮಿಯರ್ ಅವರು 2003ರಲ್ಲಿ ಪ್ರಕಟಿಸಿದ ಗ್ರಂಥದ ಹೆಸರಿಗೆ ‘ಕೋತಿಗಳೊಡನೆ ಬಂಧುತ್ವ’ ಎಂದೇ ಅರ್ಥ.

ಬಂಧುವನ್ನು ಕೊಂದು ತಿನ್ನುವುದೆಂತು? ಅಲಂಕಾರಶಾಸ್ತ್ರದಲ್ಲಿ ವಿರೋಧಾಭಾಸವೆಂದರೆ ಮೇಲ್ನೋಟಕ್ಕೆ ಮಾತ್ರ ವಿರೋಧ. ಒಳಹೊಕ್ಕು ನೋಡಿದರೆ ಪರಿಹಾರವುಂಟು. ಇಲ್ಲಿಯೂ ಹಾಗೆಯೇ ಎಂದು ನನ್ನ ಭಾವನೆ. ಕಾಡಿನಿಂದ ಪಡೆದುದಕ್ಕೆ ಹೊಣೆ ಹೊರುವುದೇ ಇವರ ಬಂಧುತ್ವ. ಅನಾಥವಾದ ಮರಿಗೆ ಹಾಲೂಡುವ ಕೈಯೂ ಬಿಲ್ಲು ಹಿಡಿದ ಕೈಯೂ ಒಂದೇ ಗುಡಿಸಿಲಿನವು.

ಕಪಿಸಂಕುಲಕ್ಕೆ ಒದಗಿದ ವಿಪತ್ತಿನ ಮೂಲ ಬೇರೆ ಕಡೆಗಿದೆ. ಕರಾಜಾಸ್ ಗಣಿಯ ಕಬ್ಬಿಣದ ಅದಿರನ್ನು ಕಡಲಿಗೆ ಸಾಗಿಸುವ ರೈಲುಮಾರ್ಗ 1985ರಲ್ಲಿ ಈ ಸೀಮೆಯನ್ನು ಹಾದು ಆರಂಭವಾಯಿತು. ಅದರ ಬೆನ್ನಿಗೇ ವಲಸೆಗಾರರೂ ದನಗಾಹಿಗಳೂ ಮರಗಳ್ಳರೂ ನುಗ್ಗಿದರು. ಆವಾ ಜನರ ನೆಲಕ್ಕೆ 2005ರಲ್ಲಿ ಸರ್ಕಾರದ ಮನ್ನಣೆ ದೊರೆತರೂ ಅತಿಕ್ರಮಣಕಾರರನ್ನು ಹೊರಹಾಕಲು 2014ರವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಎಷ್ಟು ಹೆಮ್ಮರಗಳು ಉರುಳಿದವೋ! ಈ ಭಾಗದಲ್ಲಿ ಮಾತ್ರ ಕಾಣಸಿಗುವ ಕಾಪೋರ್ ಕಪುಚಿನ್ ಎಂಬ ಕೋತಿ ಇಂದು ಅಳಿವಿನ ಅಂಚಿನಲ್ಲಿದೆ. ಪಶ್ಚಿಮ ಮರಾನ್ಯಾವೊದಲ್ಲಿ ಉಳಿದ ಕಾಡಿನ ಬಹುಪಾಲು ಇರುವುದು ಆದಿವಾಸಿಗಳ ನೆಲದಲ್ಲಿ ಎಂಬುದನ್ನು ಇಲ್ಲಿ ಗಮನಿಸಬೇಕು.

ಅದೇ ಪ್ರಾಂತದ ಅರರಿಬೋಯ ಅರಣ್ಯದಲ್ಲಿ ಹೊರಜಗತ್ತಿನ ಸಂಪರ್ಕಕ್ಕೆ ಬಾರದ ಕೆಲವು ಆವಾ ಕುಟುಂಬಗಳಿವೆ. ಅವರ ಕಾಡನ್ನು ಕಾಯಲು ನೆರೆಯ ಗ್ವಾಜಾಜಾರ ಬುಡಕಟ್ಟಿನ ತರುಣರು ತಾವೇ ಕಾವಲುಪಡೆ ಕಟ್ಟಿಕೊಂಡರು. ಅವರಲ್ಲೊಬ್ಬನಾದ ಪೌಲೊ ಪೌಲಿನೊ ಗ್ವಾಜಾಜಾರ 2019ರ ನವೆಂಬರ್ ತಿಂಗಳಲ್ಲಿ ಆ ಕಾಡಿನೊಳಗೇ ಗುಂಡೇಟಿಗೆ ಬಲಿಯಾದನು.