ಕ್ಲಚ್ ಸ್ವಿಚ್ಚಿನ ವೈರು ಹೊಸೆದ ಮೇಲೆ

ಆ ವರ್ಷ ಮಳೆಗಾಲದಲ್ಲಿ ನಮ್ಮ ಟ್ರಾಕ್ಟರ್ ಹಟ ಹಿಡಿಯಿತು. ಕೀ ತಿರುಗಿಸಿದರೆ ಮೀಟರಿನ ದೀಪ ಉರಿಯುತ್ತದೆ, ಸ್ಟಾರ್ಟರ್ ಮಾತ್ರ ಉಸಿರೆತ್ತುವುದಿಲ್ಲ. ಕ್ಲಚ್ ಪೆಡಲನ್ನು ನಾಲ್ಕೈದು ಸಲ ಬಲವಾಗಿ ತುಳಿದರೆ ಒಮ್ಮೊಮ್ಮೆ ಹಿಡಿಯುತ್ತಿತ್ತು. ಮೆಕ್ಯಾನಿಕ್ ಒಬ್ಬರನ್ನು ಕರೆಸಿದೆ. ಪೆಡಲಿನ ಬುಡದಲ್ಲಿದ್ದ ಪುಟ್ಟ ಸ್ವಿಚ್ಚಿನಿಂದ ಎರಡು ವೈರು ಕಳಚಿ, ಒಂದಕ್ಕೊಂದು ಹೊಸೆದು ಟೇಪು ಸುತ್ತಿದರು. "ಇದು ಸುಮ್ನೆ ಉಪದ್ರ. ಹಳೇ ಗಾಡಿಗಳಿಗೆಲ್ಲ ಇದು ಎಲ್ಲಿತ್ತು?" ಅಂದರು. ಹತ್ತು ನಿಮಿಷದ ಕೆಲಸ. ನನಗೂ ಖುಷಿಯೇ ಆಯಿತು.

ನಮ್ಮ ಅಂಗಳ ಇಳಿಜಾರು, ಹ್ಯಾಂಡ್‌ಬ್ರೇಕ್ ಸಡಿಲ. ಹಾಗಾಗಿ ಒಂದನೇ ಗೇರಿನಲ್ಲಿ ನಿಲ್ಲಿಸುವುದು ನನ್ನ ರೂಢಿ. ರಜೆಗೆ ಬಂದ ಮೊಮ್ಮಗ ಒಂದು ಬೆಳಿಗ್ಗೆ ಸೀಟು ಹತ್ತಿ ಕೀ ತಿರುಗಿಸಿದ. ಟ್ರಾಕ್ಟರ್ ನೆಗೆಯಿತು, ಎಂಜಿನೂ ಹಿಡಿಯಿತು. ಎದುರಿಗೆ ಇವಳು ಅಡಿಕೆ ಹರಡುತ್ತಿದ್ದಳು. ಸದ್ದು ಕೇಳಿ ಬದಿಗೆ ಹಾರಿದ್ದರಿಂದ ಉಳಿದಳು. ಹುಡುಗ ಹೆದರಿ ಕೀಯನ್ನೇ ಹೊರಗೆ ಎಳೆದಿದ್ದ. ಆದರೂ ಎಂಜಿನ್ ನಿಲ್ಲಲಿಲ್ಲ! ನಮ್ಮದರಲ್ಲಿ ಎಂಜಿನ್ ನಿಲ್ಲಿಸಲು ಬೇರೆಯೇ ಗುಬ್ಬಿ ಎಳೆಯಬೇಕು, ಅದು ಅವನಿಗೇನು ಗೊತ್ತು. ಕೊಟ್ಟಿಗೆಯ ಮುರಕಲ್ಲಿನ ಗೋಡೆಗೆ ಮೂತಿ ಒತ್ತಿ ಹಿಂದಿನ ಚಕ್ರ ನೆಲ ಕೆರೆಯುತ್ತಿರುವಾಗ ನಾನು ಓಡಿಹೋಗಿ ಗುಬ್ಬಿ ಎಳೆದೆ. ಆ ರಾತ್ರಿ ಯಾರಿಗೂ ಊಟ ಸೇರಲಿಲ್ಲ.

ಮರುದಿನ ಆ ಸ್ವಿಚ್ಚಿನ ಕೆಲಸ ಏನೆಂದು ಕೂತು ನೋಡಿದೆ. ಬ್ಯಾಟರಿಯ ದಪ್ಪ ವೈರು ನೇರ ಸ್ಟಾರ್ಟರಿನ ಸೊಲೆನಾಯ್ಡಿಗೆ ಹೋಗುತ್ತದೆ. ಕೀಯಿಂದ ಬರುವ ತೆಳು ವೈರು "ತಿರುಗು" ಎಂದು ಅದಕ್ಕೆ ಅಪ್ಪಣೆ ಕೊಡುತ್ತದೆ. ಕ್ಲಚ್ ಸ್ವಿಚ್ ಇರುವುದು ಈ ತೆಳು ವೈರಿನ ದಾರಿಯಲ್ಲಿ. ಪೆಡಲ್ ತುಳಿಯದಿದ್ದರೆ ದಾರಿ ಕಡಿದಿರುತ್ತದೆ. ತುಳಿದರೆ ದಾರಿ ಕೂಡುತ್ತದೆ, ಆದರೆ ಆಗ ಎಂಜಿನಿಗೂ ಚಕ್ರಕ್ಕೂ ಸಂಬಂಧ ಬಿಟ್ಟುಹೋಗಿರುತ್ತದೆ. ಗೇರಿನಲ್ಲಿದ್ದರೂ ಗಾಡಿ ನೆಗೆಯದು. ಕೆಲವು ಮಾದರಿಗಳಲ್ಲಿ ಇದೇ ಕೆಲಸವನ್ನು ಗೇರ್ ಲಿವರಿನ ಬುಡದ ಸ್ವಿಚ್ ಮಾಡುತ್ತದೆ. ಕಾರಿನಲ್ಲೂ ಲೆಕ್ಕ ಇಷ್ಟೇ. ಆದರೆ ಗೇರಿನಲ್ಲಿ ನೆಗೆದ ಕಾರು ಹೆಚ್ಚಾಗಿ ಕೆಮ್ಮಿ ಆಫ್ ಆಗುತ್ತದೆ, ಸಣ್ಣ ಗೇರಿನ ಡೀಸೆಲ್ ಟ್ರಾಕ್ಟರ್ ಹಾಗಲ್ಲ, ನಡೆಯುತ್ತಲೇ ಹೋಗುತ್ತದೆ.

ಇದಕ್ಕಿಂತ ಕೆಟ್ಟದ್ದು, ನೆಲದಲ್ಲಿ ನಿಂತು ಸ್ಟಾರ್ಟರಿನ ಎರಡು ತುದಿಗೆ ಸ್ಕ್ರೂಡ್ರೈವರ್ ತಾಗಿಸುವುದು. ಕೀ, ಸ್ವಿಚ್ ಎರಡನ್ನೂ ದಾಟಿದಂತೆ. ಗೇರಿನಲ್ಲಿದ್ದರೆ ದೊಡ್ಡ ಚಕ್ರ ಹಿಂದಿನಿಂದ ಮೈಮೇಲೆಯೇ ಬರುತ್ತದೆ. ನಾನೂ ಮಾಡಿದ್ದೇನೆ ಎನ್ನಲು ಈಗ ನಾಚಿಕೆ.

ಹುಳುಕು ಹುಡುಕಲು ಬೇಕಾದ್ದು ಹನ್ನೆರಡು ವೋಲ್ಟಿನ ಇಂಡಿಕೇಟರ್ ಬಲ್ಬು, ಎರಡು ಮೊಳ ವೈರು. ಮೊದಲು ಹೆಡ್‌ಲೈಟ್ ಹಾಕಿ. ಮಂಕಾಗಿದ್ದರೆ ಬ್ಯಾಟರಿ, ಅದರ ತುದಿಯ ಕಿಲುಬು, ಅರ್ಥ್ ವೈರು ನೋಡಿಕೊಳ್ಳಿ. ಅರ್ಧ ರೋಗ ಅಲ್ಲೇ. ನಂತರ ಗೇರು ನ್ಯೂಟ್ರಲ್, ಪಿ.ಟಿ.ಒ. ಬಂದ್, ಚಕ್ರದ ಹಿಂದೆ ಮುಂದೆ ಕಲ್ಲು. ಸೊಲೆನಾಯ್ಡಿನ ತೆಳು ವೈರನ್ನು ಕಳಚಿ ಟೇಪು ಸುತ್ತಿಡಿ, ಪರೀಕ್ಷೆಯ ನಡುವೆ ಎಂಜಿನ್ ಹೊರಡಬಾರದು. ಬಲ್ಬಿನ ಒಂದು ವೈರನ್ನು ಬಣ್ಣ ಇಲ್ಲದ ಬೋಲ್ಟಿಗೆ ಹಿಡಿಸಿ. ಸೀಟಿನಲ್ಲಿ ಕೂತವರು ಕೀ ತಿರುಗಿಸಿ ಹಿಡಿದಿರಲಿ. ಸ್ವಿಚ್ಚಿಗೆ ಬರುವ ವೈರಿಗೆ ತಾಗಿಸಿದಾಗ ಬಲ್ಬು ಉರಿಯದಿದ್ದರೆ ತೊಂದರೆ ಕೀ, ಫ್ಯೂಸಿನ ಕಡೆ, ಇಲ್ಲವೇ ಇಲಿ ಕಡಿದಿದೆ. ಅಲ್ಲಿ ಉರಿದು, ಕ್ಲಚ್ ತುಳಿದಾಗಲೂ ಹೊರಹೋಗುವ ವೈರಿನಲ್ಲಿ ಉರಿಯದಿದ್ದರೆ ಸ್ವಿಚ್ಚು. ಎರಡರಲ್ಲೂ ಪ್ರಖರವಾಗಿ ಉರಿದರೆ ಸ್ವಿಚ್ಚನ್ನು ಬಿಟ್ಟು ಮುಂದಕ್ಕೆ ಹುಡುಕಿ.

ನಮ್ಮದರಲ್ಲಿ ವೈರು ಬಿಡಿಸಿ ಸ್ವಿಚ್ಚಿಗೆ ಮತ್ತೆ ಸಿಕ್ಕಿಸಿ ನೋಡಿದರೆ ಹೊರವೈರಿನಲ್ಲಿ ಉರಿಯಲಿಲ್ಲ. ಸ್ವಿಚ್ಚಿನ ಮೊಳೆಯನ್ನು ಬೆರಳಿನಿಂದಲೇ ಒತ್ತಿದೆ. ಬಲ್ಬು ಫಕ್ಕನೆ ಉರಿಯಿತು! ಸ್ವಿಚ್ಚಿಗೆ ಏನೂ ಆಗಿರಲಿಲ್ಲ. ಅದನ್ನು ಹಿಡಿದ ನಟ್ಟು ಸಡಿಲಾಗಿ, ಪೆಡಲ್ ಅದನ್ನು ಪೂರ್ತಿ ಒತ್ತುತ್ತಿರಲಿಲ್ಲ. ಬಲವಾಗಿ ತುಳಿದಾಗ ಹಿಡಿಯುತ್ತಿದ್ದದ್ದು ಅದಕ್ಕೇ. ಎರಡು ಸುತ್ತು ಮುಂದೆ ತಂದು ನಟ್ಟು ಬಿಗಿದೆ, ತುದಿಗಳಿಗೆ ಚೂರು ವ್ಯಾಸಲೀನ್ ಸವರಿದೆ. ಸ್ವಿಚ್ಚೇ ಸತ್ತಿದ್ದರೆ ಅದೇ ಮಾದರಿಯದ್ದನ್ನೇ ತನ್ನಿ. ಕೆಲವು ಒತ್ತಿದಾಗ ಕೂಡುತ್ತವೆ, ಕೆಲವು ಬಿಟ್ಟಾಗ.

ಸೊಲೆನಾಯ್ಡಿನ ವೈರು ಪುನಃ ಸಿಕ್ಕಿಸಿದ ಮೇಲೆ ಒಂದು ಪರೀಕ್ಷೆ ಬಾಕಿ. ನ್ಯೂಟ್ರಲ್‌ನಲ್ಲಿ, ಕ್ಲಚ್ ತುಳಿಯದೆ ಕೀ ತಿರುಗಿಸಿ. ಸ್ಟಾರ್ಟರ್ ತಿರುಗಲೇಬಾರದು. ಇದನ್ನು ನಾನೀಗ ಆಯಿಲ್ ನೋಡುವಾಗೆಲ್ಲ ಮಾಡುತ್ತೇನೆ.

ಹ್ಯಾಂಡ್‌ಬ್ರೇಕೂ ರಿಪೇರಿಯಾಯಿತು. ಆದರೂ ಇಳಿಜಾರಿಗೆಂದು ಗೇರಿನಲ್ಲೇ ನಿಲ್ಲಿಸುತ್ತೇನೆ. ಕೀ ಮಾತ್ರ ಹುಡುಗರ ಕೈಗೆಟುಕದಷ್ಟು ಮೇಲೆ, ಜಗಲಿಯ ಮೊಳೆಯಲ್ಲಿ ತೂಗುತ್ತದೆ.