ಎಂಜಿನ್ ಅತಿಯಾಗಿ ಬಿಸಿಯಾಗುವುದೇಕೆ? ದೋಷ ಪತ್ತೆಯ ಕ್ರಮ

ಮದ್ದೂರಿನ ಎಳನೀರು, ಮಂಡ್ಯದ ಬೆಲ್ಲ, ಮಳವಳ್ಳಿ ಸೀಮೆಯ ರೇಷ್ಮೆಗೂಡು ಇವೆಲ್ಲ ಹೊತ್ತಿಗೆ ಸರಿಯಾಗಿ ಮಾರುಕಟ್ಟೆ ಸೇರಬೇಕಾದ ಸರಕುಗಳು. ಮಾರ್ಗಮಧ್ಯದಲ್ಲಿ ಎಂಜಿನ್ ಕಾದು ವಾಹನ ನಿಂತರೆ ವರ್ತಕನ ನಷ್ಟ ರಿಪೇರಿ ಬಿಲ್ಲಿಗೆ ಮುಗಿಯುವುದಿಲ್ಲ. ಆದರೂ ಗ್ಯಾರೇಜಿನಲ್ಲಿ ಕೇಳಿಬರುವುದು ಸಾಮಾನ್ಯವಾಗಿ ಒಂದೇ ಮಾತು: 'ಗಾಡಿ ಹೀಟಾಯ್ತದೆ.' ಇಷ್ಟರಿಂದ ದೋಷ ಪತ್ತೆಯಾಗದು. ಯಾವ ಸಂದರ್ಭದಲ್ಲಿ ಬಿಸಿಯಾಯಿತು ಎಂಬುದೇ ಮೊದಲ ಸುಳಿವು. ಕಾರಿಗೂ ಸಣ್ಣ ಸರಕು ವಾಹನಕ್ಕೂ ಈ ಕ್ರಮ ಒಂದೇ.

ಇಂಧನ ಉರಿದಾಗ ಹುಟ್ಟುವ ಶಾಖದಲ್ಲಿ ಹೆಚ್ಚುಕಡಿಮೆ ಕಾಲುಭಾಗಕ್ಕೂ ಮಿಗಿಲಾದುದನ್ನು ಎಂಜಿನ್ ಸುತ್ತ ಹರಿಯುವ ಕೂಲೆಂಟ್ ಹೊತ್ತೊಯ್ಯಬೇಕು. ವಾಟರ್ ಪಂಪು ಅದನ್ನು ರೇಡಿಯೇಟರಿಗೆ ತಳ್ಳುತ್ತದೆ. ಅಲ್ಲಿ ಗಾಳಿ ಅದನ್ನು ತಣಿಸುತ್ತದೆ. ಕುಂದಿರುವುದು ದ್ರವದ ಹರಿವೋ ಗಾಳಿಯ ಹರಿವೋ ಎಂದು ಮೊದಲು ನಿರ್ಧರಿಸಬೇಕು.

ಸಕ್ಕರೆ ಕಾರ್ಖಾನೆಯ ಮುಂದಿನ ಸಾಲಿನಲ್ಲೋ ಪೇಟೆಯ ದಟ್ಟಣೆಯಲ್ಲೋ ನಿಂತಾಗ ಮುಳ್ಳು ಏರಿ, ವೇಗ ಹಿಡಿದೊಡನೆ ಇಳಿದರೆ ಫ್ಯಾನನ್ನು ಪರೀಕ್ಷಿಸಬೇಕು. ವಿದ್ಯುತ್ ಫ್ಯಾನಾದರೆ ಫ್ಯೂಸ್, ರಿಲೇ ಮತ್ತು ಮೋಟಾರು. ಬೆಲ್ಟಿನ ಫ್ಯಾನಾದರೆ ಬೆಲ್ಟಿನ ಬಿಗಿ. ಇದಕ್ಕೆ ವಿರುದ್ಧವಾಗಿ, ಊರೊಳಗೆ ಸರಿಯಿದ್ದು ಭಾರ ಹೊತ್ತು ವೇಗವಾಗಿ ಓಡುವಾಗ ಕಾಯುವುದಾದರೆ ರೇಡಿಯೇಟರ್ ಕಟ್ಟಿಕೊಂಡಿರುವ ಅಥವಾ ಪಂಪು ಸೋತಿರುವ ಸಂಭವವೇ ಹೆಚ್ಚು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಎಡೆಬಿಡದ ಓಟ ಸಾಧ್ಯವಾಗಿರುವುದರಿಂದ, ಹಳೆಯ ರಸ್ತೆಯಲ್ಲಿ ನಿಂತು ನಿಂತು ಸಾಗುವಾಗ ಅಡಗಿದ್ದ ಇಂತಹ ದೋಷ ಈಗ ಬೇಗ ಬಯಲಿಗೆ ಬರುತ್ತದೆ.

ರೇಡಿಯೇಟರ್ ಎರಡು ಬಗೆಯಲ್ಲಿ ಕಟ್ಟಿಕೊಳ್ಳುತ್ತದೆ. ಹೊರಗೆ ಕಬ್ಬಿನ ತರಗು, ಭತ್ತದ ಹೊಟ್ಟು, ಧೂಳು. ಎಂಜಿನ್ ತಣಿದ ಮೇಲೆ ಹಿಂಬದಿಯಿಂದ ಮುಂದಕ್ಕೆ ಮೆಲ್ಲನೆ ನೀರು ಹಾಯಿಸಿದರೆ ಇವು ಹೋಗುತ್ತವೆ. ಒಳಗಿನ ಕಟ್ಟು ಹೆಚ್ಚು ಕೆಟ್ಟದ್ದು. ಇಲ್ಲಿನ ಅನೇಕ ಕೊಳವೆಬಾವಿಗಳ ನೀರು ಗಡಸು. ಮನೆಯ ಹಂಡೆಯ ತಳದಲ್ಲಿ ಬಿಳಿಯ ಪದರ ಕಟ್ಟಿಸುವ ಆ ನೀರೇ ಎಂಜಿನ್ ಒಳಗೂ ಸುಣ್ಣ ಕೂರಿಸುತ್ತದೆ. ಸುಣ್ಣ ಶಾಖವನ್ನು ಸುಲಭವಾಗಿ ದಾಟಿಸದು. 'ಇಲ್ಲಿ ಹಿಮ ಬೀಳುವುದಿಲ್ಲ, ಕೂಲೆಂಟ್ ಏಕೆ?' ಎಂಬ ವಾದ ಸರಿಯಲ್ಲ. ಕೂಲೆಂಟ್ ತುಕ್ಕನ್ನು ತಡೆಯುತ್ತದೆ, ಕುದಿಬಿಂದುವನ್ನೂ ಏರಿಸುತ್ತದೆ. ತಯಾರಕರು ಸೂಚಿಸಿದ ಕೂಲೆಂಟನ್ನು ಬಟ್ಟಿ ಇಳಿಸಿದ ನೀರಿನೊಡನೆ ಬೆರೆಸುವುದಕ್ಕೆ ತಗಲುವ ವೆಚ್ಚ ಒಂದು ಹೆಡ್ ಕೆಲಸದ ಮುಂದೆ ಅತ್ಯಲ್ಪ.

ರೇಡಿಯೇಟರ್ ಮುಚ್ಚಳವನ್ನು ಹಲವರು ಲೆಕ್ಕಕ್ಕಿಡುವುದಿಲ್ಲ. ಸಮುದ್ರಮಟ್ಟದಿಂದ ಸುಮಾರು 680 ಮೀಟರ್ ಎತ್ತರದ ಮಂಡ್ಯದಲ್ಲಿ ತೆರೆದ ಪಾತ್ರೆಯ ನೀರು 98 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಸರಿಯಾದ ಮುಚ್ಚಳ ಒಳಗಿನ ಒತ್ತಡವನ್ನು ಹಿಡಿದಿಟ್ಟು, ಅದೇ ನೀರನ್ನು 115 ಡಿಗ್ರಿ ದಾಟಿದರೂ ಕುದಿಯಗೊಡುವುದಿಲ್ಲ. ರಬ್ಬರು ಸವೆದ ಮುಚ್ಚಳ ಈ ರಕ್ಷಣೆಯನ್ನು ಕಳೆಯುತ್ತದೆ.

ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೆಲವೇ ನಿಮಿಷಗಳಲ್ಲಿ ಮುಳ್ಳು ಏರಿ, ರೇಡಿಯೇಟರಿಗೆ ಹೋಗುವ ಹೋಸ್ ತಣ್ಣಗೇ ಉಳಿದರೆ ಥರ್ಮೋಸ್ಟಾಟ್ ಮುಚ್ಚಿದಂತೆಯೇ ಸಿಲುಕಿರಬಹುದು. ಅದನ್ನು ಬದಲಿಸುವ ಬದಲು ಕಿತ್ತೇ ಹಾಕುವುದು ಕೆಲವರ ರೂಢಿ. ಇದು ತಪ್ಪು. ಎಂಜಿನ್ ತಕ್ಕ ಶಾಖಕ್ಕೆ ಬಾರದೆ ಡೀಸೆಲ್ ವ್ಯರ್ಥವಾಗುತ್ತದೆ; ಕೆಲವು ಎಂಜಿನ್‌ಗಳಲ್ಲಿ ನೀರು ರೇಡಿಯೇಟರನ್ನು ಬಳಸಿ ಹೋಗಿ ಶಾಖ ಇನ್ನೂ ಹೆಚ್ಚುತ್ತದೆ.

ಹೊರಗೆ ಸೋರದೆ ನೀರು ಕಡಿಮೆಯಾಗುತ್ತಿದ್ದರೆ, ಬಿಳಿ ಹೊಗೆ ನಿಲ್ಲದಿದ್ದರೆ, ಆಯಿಲ್ ಹಾಲು ಬೆರೆತ ಚಹದಂತಾಗಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಸಂಶಯ ಪಡಬೇಕು. ಗ್ಯಾಸ್ಕೆಟ್ ಹೋಗಿರುವುದು ಬಹುವೇಳೆ ಮೊದಲಿನ ಕಾವಿನ ಫಲ. ಆ ಕಾವಿಗೆ ಕಾರಣವನ್ನು ಹುಡುಕದೆ, ಹೆಡ್ ಬಾಗಿದೆಯೇ ಎಂದು ಅಳೆಯದೆ ಗ್ಯಾಸ್ಕೆಟ್ ಮಾತ್ರ ಬದಲಿಸಿದ ವಾಹನ ಮತ್ತೆ ಅದೇ ಗ್ಯಾರೇಜಿಗೆ ಬರುತ್ತದೆ, ಬಿಲ್ಲು ಎರಡಾಗುತ್ತದೆ.

ದಾರಿಯಲ್ಲಿ ಮುಳ್ಳು ಕೆಂಪಿಗೆ ಬಂದರೆ ವಾಹನವನ್ನು ಬದಿಗೆ ನಿಲ್ಲಿಸಿ ಎಂಜಿನ್ ಬಂದ್ ಮಾಡತಕ್ಕದ್ದು. ಏರಿದ್ದ ಮುಳ್ಳು ಫಕ್ಕನೆ ಇಳಿದರೆ ಸಮಾಧಾನಪಡಬಾರದು. ನೀರೆಲ್ಲ ಸೋರಿ ಸೆನ್ಸರ್ ಬರಿಯ ಆವಿಯಲ್ಲಿ ನಿಂತಾಗಲೂ ಮುಳ್ಳು ಇಳಿಯುತ್ತದೆ. ಅರ್ಧ ಗಂಟೆಯಾದರೂ ತಣಿಯದೆ ಮುಚ್ಚಳ ತೆರೆದರೆ ಕುದಿನೀರು ಮುಖಕ್ಕೇ ಚಿಮ್ಮೀತು. ಕಾದ ಎಂಜಿನ್‌ಗೆ ತಣ್ಣೀರು ಸುರಿದರೆ ಹೆಡ್ ಸೀಳಬಹುದು. ಭಾರ ಎಷ್ಟಿತ್ತು, ವೇಗ ಎಷ್ಟಿತ್ತು, ಏಸಿ ಚಾಲೂ ಇತ್ತೇ, ಎಷ್ಟು ಹೊತ್ತಿಗೆ ಕಾದಿತು ಎಂಬುದನ್ನು ಚಾಲಕರು ಅಲ್ಲಿಯೇ ಒಂದು ಚೀಟಿಯಲ್ಲಿ ಬರೆದು ಮೆಕ್ಯಾನಿಕ್‌ಗೆ ಕೊಡುವುದು ಒಳ್ಳೆಯದು.