ಶ್ರೀರಂಗಪಟ್ಟಣದ ಕೋಟೆಯೊಳಗೆ

ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗುವ ದಾರಿಯಲ್ಲಿ ಸಿಗುವ ತೆರಕಣಾಂಬಿ ಇಂದು ನೋಡುವವರ ಕಣ್ಣಿಗೆ ಅರಿಸಿನದ ಹೊಲಗಳ ನಡುವಣ ಒಂದು ಸಾಧಾರಣ ಊರು. ಹಿಂದೆ ಇದಕ್ಕೆ ತ್ರಿಕದಂಬಪುರವೆಂಬ ಹೆಸರೂ ಇತ್ತು. ಹದಿನೈದನೆಯ ಶತಮಾನದಲ್ಲಿ ‘ಸನತ್ಕುಮಾರ ಚರಿತೆ’ಯನ್ನು ರಚಿಸಿದ ಜೈನಕವಿ ಬೊಮ್ಮರಸನು ಇಲ್ಲಿಯವನು. ಲಕ್ಷ್ಮೀವರದರಾಜಸ್ವಾಮಿಯ ದೇಗುಲವೇ ಮೊದಲಾದ ಕೆಲವು ಗುಡಿಗಳನ್ನು ಬಿಟ್ಟರೆ ಆ ಹಳೆಯ ವೈಭವವನ್ನು ಸಾರುವ ಕುರುಹುಗಳು ಹೆಚ್ಚಿಲ್ಲ. ಇಂಥ ಊರಿನ ವಿದ್ಯಾರ್ಥಿಗಳು ಗುಂಡ್ಲುಪೇಟೆ, ನಂಜನಗೂಡು, ಮೈಸೂರುಗಳನ್ನು ದಾಟಿ ಶ್ರೀರಂಗಪಟ್ಟಣವನ್ನು ಹೊಕ್ಕಾಗ ಬೆರಗಾಗುವುದು ಸಹಜ. ಅಲ್ಲಿ ಗತಕಾಲವೇ ಕಣ್ಣೆದುರಿಗೆ ನಿಂತಿದೆ.

ಕಾವೇರಿ ಇಬ್ಭಾಗವಾಗಿ ಹರಿದು ಮತ್ತೆ ಕೂಡುವುದರಿಂದ ಉಂಟಾದ ದ್ವೀಪ ಇದು. ಗಂಗರ ಕಾಲದಿಂದ ಪೂಜೆಗೊಳ್ಳುತ್ತ ಬಂದ ಶ್ರೀರಂಗನಾಥನ ಗುಡಿ ಊರಿನ ಹೃದಯ. 1610ರಲ್ಲಿ ರಾಜ ಒಡೆಯರು ಈ ಪಟ್ಟಣವನ್ನು ವಶಪಡಿಸಿಕೊಂಡ ಮೇಲೆ 1799ರವರೆಗೂ ಇದೇ ರಾಜಧಾನಿ. ಆ ವರ್ಷ ಮೇ 4ರಂದು, ಫಿರಂಗಿಗಳು ಭೇದಿಸಿದ್ದ ಕೋಟೆಗೋಡೆಯ ಮೂಲಕ ಇಂಗ್ಲಿಷರು ಒಳನುಗ್ಗಿದರು. ಟಿಪ್ಪು ಸುಲ್ತಾನ್ ಹೋರಾಡುತ್ತಲೇ ಮಡಿದನು. ಅಂದು ಸೈನಿಕರು ನುಗ್ಗಿದ ಕೋಟೆಯೊಳಗೆ ಇಂದು ಮನೆಗಳಿವೆ, ಅಂಗಡಿಗಳಿವೆ. ರೈಲುಗಾಡಿಯೂ ಕೋಟೆಯ ಮೂಲಕವೇ ಓಡುತ್ತದೆ. ಗೋಡೆಯ ಸಂದುಗಳಲ್ಲಿ ಬೇರೂರಿದ ಅರಳಿಯ ಸಸಿಗಳನ್ನು ಕಂಡಾಗ ಮಾತ್ರ ಮನಸ್ಸಿಗೆ ಕಸಿವಿಸಿಯಾಗುತ್ತದೆ. ಫಿರಂಗಿ ಮಾಡಲಾರದ್ದನ್ನು ಸಸಿ ಸದ್ದಿಲ್ಲದೆ ಮಾಡಬಲ್ಲದು.

ಹಳೆಯ ಪಟ್ಟಣವೊಂದು ತಾನಾಗಿಯೇ ಉಳಿಯುವುದಿಲ್ಲ. ಇಂಗ್ಲೆಂಡಿನ ಯಾರ್ಕ್ ನಗರದ ಕೋಟೆಗೋಡೆಯ ಮೇಲೆ ಇಂದು ಪ್ರವಾಸಿಗರು ಹರ್ಷದಿಂದ ನಡೆದಾಡುತ್ತಾರೆ. ಅದನ್ನು ಕೆಡವಿಸಲು 1800ರಲ್ಲಿ ಮುಂದಾದವರು ಹಗೆಗಳಲ್ಲ, ಆ ನಗರದ ಆಡಳಿತದವರೇ! ಚಿತ್ರಕಾರ ವಿಲಿಯಂ ಎಟ್ಟಿ ಮೊದಲಾದವರು ದನಿಯೆತ್ತಿದರು. ಗೋಡೆಯ ಬಹುಭಾಗ ಉಳಿಯಿತು. ಆದರೂ ಹೆಬ್ಬಾಗಿಲುಗಳ ಮುಂದಣ ಕಾವಲುಕಟ್ಟಡಗಳಲ್ಲಿ ಒಂದರ ಹೊರತು ಉಳಿದವೆಲ್ಲ ನೆಲಸಮವಾದವು.

ಶ್ರೀರಂಗಪಟ್ಟಣದ ಕಥೆಯೂ ಇಂಥದೇ. ಕೋಟೆಯ ಹೊರಗೆ, ತೋಟದ ನಡುವೆ, 1784ರಲ್ಲಿ ಟಿಪ್ಪು ಕಟ್ಟಿಸಿದ ದರಿಯಾ ದೌಲತ್ ಅರಮನೆಯಿದೆ. ಪೊಳ್ಳಿಲೂರಿನ ಕಾಳಗದಲ್ಲಿ ಇಂಗ್ಲಿಷರು ಸೋತದ್ದನ್ನು ಅದರ ಗೋಡೆಯ ಮೇಲೆ ಚಿತ್ರಿಸಲಾಗಿದೆ. ಸುಣ್ಣದಡಿ ಮಸುಕಾಗಿದ್ದ ಆ ಚಿತ್ರಗಳನ್ನು ಮತ್ತೆ ಬರೆಯಿಸಿದವನು ಗವರ್ನರ್ ಜನರಲ್ ಡಾಲ್‌ಹೌಸಿ! ತಮ್ಮವರ ಸೋಲಿನ ಚಿತ್ರವನ್ನು ಇಂಗ್ಲಿಷರೇ ಕಾಪಾಡಿದ್ದು ವಿಚಿತ್ರವಾದರೂ ನಿಜ.

ಕೋಟೆಯೊಳಗಿನ ಲಾಲ್ ಮಹಲ್ ಅರಮನೆಗೆ ಆ ಭಾಗ್ಯವಿರಲಿಲ್ಲ. ಟಿಪ್ಪು ವಾಸವಾಗಿದ್ದ ಆ ಸೌಧವನ್ನು ಅವನ ಮರಣಾನಂತರ ಕೆಡವಲಾಯಿತು. ಅದರ ಮರದ ತೊಲೆಗಳು ನೀಲಗಿರಿಯನ್ನೇರಿ, 1829ರಲ್ಲಿ ಉದಕಮಂಡಲದಲ್ಲಿ ಆರಂಭವಾದ ಸಂತ ಸ್ಟೀಫನ್ನರ ಇಗರ್ಜಿಗೆ ಆಧಾರವಾದವು. ಅರಮನೆಯಿದ್ದೆಡೆಯಲ್ಲಿ ಈಗ ಕಾಣುವುದು ಬುನಾದಿಯ ಅವಶೇಷ ಮಾತ್ರ. ಹಾಗೆಂದು ದೂರುವಾಗ ಇನ್ನೊಂದನ್ನೂ ನೆನೆಯಬೇಕು: ಮೈಸೂರಿನ ಹಳೆಯ ಕೋಟೆಯನ್ನು ಕೆಡವಿ ಅದರ ಕಲ್ಲುಗಳನ್ನು ನಜರಬಾದಿಗೆ ಸಾಗಿಸಿದವನು ಟಿಪ್ಪುವೇ. 1799ರ ನಂತರ ಅವೇ ಕಲ್ಲುಗಳು ಮರಳಿ ಮೈಸೂರಿಗೆ ಬಂದವು.

ಸುಮಾರು ಇನ್ನೂರು ವರ್ಷಗಳ ಬಳಿಕ ಇದೇ ಊರಿನಲ್ಲಿ ಮತ್ತೊಂದು ಸಾಗಣೆ ನಡೆಯಿತು. ಬೆಂಗಳೂರು–ಮೈಸೂರು ರೈಲುಮಾರ್ಗಕ್ಕೆ ಎರಡನೆಯ ಹಳಿ ಹಾಕುವಾಗ ಟಿಪ್ಪುವಿನ ಕಾಲದ ಶಸ್ತ್ರಾಗಾರವೊಂದು ಅಡ್ಡವಾಯಿತು. ಇಟ್ಟಿಗೆ ಗಾರೆಗಳ ಆ ಕಟ್ಟಡವನ್ನು ಕೆಡವಿದ್ದರೆ ಕೆಲಸ ಎಷ್ಟೋ ಸುಲಭವಾಗುತ್ತಿತ್ತು. ಕೆಡವಬಾರದೆಂಬ ನಿರ್ಧಾರವಾಗಿ, ಕೆಲಸ ವರ್ಷಗಟ್ಟಲೆ ತಡವಾಯಿತು. ಕೊನೆಗೆ ಅದರ ಬುಡವನ್ನು ಅಗೆದು, ಅಡಿಗೆ ಉಕ್ಕಿನ ತೊಲೆಗಳನ್ನು ತೂರಿಸಿ, ಜಾಕುಗಳಿಂದ ಇಡೀ ಕಟ್ಟಡವನ್ನು ಮೆಲ್ಲನೆ ಮೇಲೆತ್ತಲಾಯಿತು. ಸುಮಾರು ಸಾವಿರ ಟನ್ ತೂಕದ ಆ ಮನೆ 2017ರಲ್ಲಿ, ಒಂದು ಇಟ್ಟಿಗೆಯನ್ನೂ ಬಿಚ್ಚಿಸಿಕೊಳ್ಳದೆ, ನೂರು ಮೀಟರಿಗೂ ಹೆಚ್ಚು ದೂರ ಸರಿದು ಹೊಸ ನೆಲೆಯಲ್ಲಿ ಕುಳಿತಿತು. ಹೆಚ್ಚೇನೂ ಅಲಂಕಾರವಿಲ್ಲದ ಮದ್ದಿನ ಮನೆ ಅದು. ಲಾಲ್ ಮಹಲಿನ ಮುಂದೆ ಅದರ ಅಂದವೇನು? ಆದರೂ ಇಂದು ಮುಟ್ಟಿ ನೋಡಲು ಸಿಗುವುದು ಅದೇ.

ಪ್ರವಾಸಿಗರು ಹಿಂದಿರುಗುವಾಗ ಗುಂಡ್ಲುಪೇಟೆಯಲ್ಲಿ ದಾರಿಗಳು ಕವಲೊಡೆಯುತ್ತವೆ. ಒಂದು, ಬಂಡೀಪುರದ ಕಾಡನ್ನು ಹಾದು, ಲಾಲ್ ಮಹಲಿನ ತೊಲೆಗಳಿರುವ ಉದಕಮಂಡಲಕ್ಕೆ ಏರುತ್ತದೆ. ಮತ್ತೊಂದು ಪೂರ್ವಕ್ಕೆ ತಿರುಗುತ್ತದೆ. ಬಸ್ಸು ಆ ದಾರಿ ಹಿಡಿದು, ಸಂಜೆಯ ವೇಳೆಗೆ ತೆರಕಣಾಂಬಿಯಲ್ಲಿ ನಿಂತಾಗ, ಅಲ್ಲಿಯೇ ಹುಟ್ಟಿ ಬೆಳೆದ ಹುಡುಗರು ಇಳಿದವರೇ ಮನೆಗೆ ಓಡದೆ, ವರದರಾಜನ ಗುಡಿಯ ಕಲ್ಲುಗಳನ್ನು ಹೊಸತಾಗಿ ಕಂಡವರಂತೆ ನೋಡುತ್ತ ನಿಲ್ಲುತ್ತಾರೆ.